ಮೋಟಾರಿನಲ್ಲಿ ಮಗುವಿನ ಪೀಠ

ಕೂಸನ್ನು ತೊಡೆಯಲ್ಲಿಟ್ಟುಕೊಂಡು ಪ್ರಯಾಣಮಾಡುವುದು ನಮ್ಮ ತಾಯಂದಿರಿಗೆ ಎತ್ತಿನ ಗಾಡಿಯ ಕಾಲದಿಂದಲೂ ಬಂದ ಬಳಕೆ. ಗಾಡಿಯ ವೇಗವು ನಡೆಯುವವನ ವೇಗಕ್ಕಿಂತ ಬಹಳವೇನೂ ಹೆಚ್ಚಲ್ಲದಿದ್ದ ಆ ದಿನಗಳಲ್ಲಿ ತಾಯಿಯ ತೋಳಿಗಿಂತ ಭದ್ರವಾದ ಸ್ಥಾನವು ಮಗುವಿಗೆ ಬೇರೆ ಇರಲಿಲ್ಲ. ಗಾಡಿಯೇನೋ ಬದಲಾಯಿತು, ಬಳಕೆ ಬದಲಾಗಲಿಲ್ಲ.

ಈಚೆಗೆ ನಾವೆಲ್ಲರೂ ಮೋಟಾರಿನಲ್ಲಿ ಬೆಂಗಳೂರಿನಿಂದ ಹಾಸನಕ್ಕೆ ಹೊರಟಿದ್ದೆವು. ಮನೆಯ ಎಂಟು ತಿಂಗಳ ಕೂಸು ಹಿಂದಿನ ಆಸನದಲ್ಲಿ ತನ್ನ ಅಜ್ಜಿಯ ತೊಡೆಯ ಮೇಲೆ ನಿದ್ರಿಸುತ್ತಿತ್ತು. ಕುಣಿಗಲ್ಲು ದಾಟಿದ ಮೇಲೆ ನಾಯಿಯೊಂದು ಅಡ್ಡ ಬಂದುದರಿಂದ ಥಟ್ಟನೆ ಬ್ರೇಕು ಒತ್ತಬೇಕಾಯಿತು. ಗಾಡಿ ಯಾವುದಕ್ಕೂ ತಾಗಲಿಲ್ಲ. ಆದರೂ ಮಗು ಕೈತಪ್ಪಿ ಮುಂದಿನ ಆಸನದ ಬೆನ್ನಿಗೆ ಬಡಿದು ಕಾಲಬಳಿಗೆ ಉರುಳಿತು. ಹಣೆಯ ಮೇಲೆ ಬುಗುಟೆದ್ದುದರ ಹೊರತು ಹೆಚ್ಚಿನದೇನೂ ಆಗಲಿಲ್ಲವೆಂಬುದು ನಮ್ಮ ಪುಣ್ಯ. ಅಜ್ಜಿಯು ಮಾತ್ರ “ಗಟ್ಟಿಯಾಗಿ ಹಿಡಿದೇ ಇದ್ದೆನಲ್ಲ, ಅದು ಹೇಗೆ ಜಾರಿತೋ” ಎಂದು ಊರು ಸೇರುವವರೆಗೂ ಕಣ್ಣೊರಸಿಕೊಳ್ಳುತ್ತಿದ್ದರು.

ತಪ್ಪು ಆಕೆಯದಲ್ಲವೆಂದು ಲೆಕ್ಕವೇ ಹೇಳುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಮೋಟಾರು ಗೋಡೆಗೆ ಹೊಡೆದು ನಿಂತಿತೆನ್ನೋಣ. ಸುಮಾರು 32 ಅಡಿ ಎತ್ತರದಿಂದ, ಎಂದರೆ ಮೂರು ಅಂತಸ್ತಿನ ಮನೆಯ ಮೇಲಿಂದ, ನೆಲಕ್ಕೆ ಬಿದ್ದವನಿಗಿರುವ ವೇಗವೇ ಒಳಗೆ ಕುಳಿತವರಿಗೂ ಇರುತ್ತದೆ. ಆ ವೇಗವೆಲ್ಲವೂ ಅರ್ಧ ಮೀಟರಿನೊಳಗೆ ಅಡಗಬೇಕಾದರೆ, 10 ಕಿಲೋಗ್ರಾಂ ತೂಕದ ಮಗುವು ಆ ಕ್ಷಣದಲ್ಲಿ ಸುಮಾರು 200 ಕಿಲೋಗ್ರಾಂ ಭಾರದಿಂದ ಮುಂದಕ್ಕೆಳೆಯುತ್ತದೆ. ಎರಡು ಕ್ವಿಂಟಾಲು ಅಕ್ಕಿಯನ್ನು ತೋಳಿನಲ್ಲಿ ತಡೆಹಿಡಿಯಬಲ್ಲ ಪೈಲ್ವಾನನುಂಟೆ? ಹಿಡಿದವರು ಬೆಲ್ಟು ಕಟ್ಟಿಕೊಳ್ಳದಿದ್ದರಂತೂ ಅವರ ಮೈಭಾರವೂ ಮಗುವಿನ ಮೇಲೆಯೆ ಬೀಳುತ್ತದೆ. ಒಂದೇ ಬೆಲ್ಟಿನೊಳಗೆ ತಾಯಿಮಕ್ಕಳಿಬ್ಬರನ್ನೂ ಸೇರಿಸಿ ಕಟ್ಟುವ ಜಾಣತನವನ್ನೂ ನಾವು ಕಂಡಿದ್ದೇವೆ. ಅದರಿಂದ ನಡುವೆ ಸಿಕ್ಕಿದ ಮಗುವು ನಜ್ಜುಗುಜ್ಜಾಗುವುದೇ ಸರಿ.

ಆದುದರಿಂದ ಮಗುವಿಗೆ ತನ್ನದೇ ಆದ ಪೀಠವು ಬೇಕು. ನಮ್ಮ ದೇಶದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು, 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಪೀಠದಿಂದಾಗಲಿ ಭದ್ರಪಡಿಸದೆ ಗಾಡಿ ನಡೆಯಿಸುವವರಿಗೆ 1000 ರೂಪಾಯಿ ದಂಡವನ್ನು ವಿಧಿಸಿದೆ. ದಂಡದ ಭಯಕ್ಕಾಗಿ ಕೊಂಡವರನ್ನು ನಾವು ಹೆಚ್ಚಾಗಿ ಕಂಡಿಲ್ಲ; ಬುಗುಟೆದ್ದ ಮೇಲೆ ಕೊಂಡವರಲ್ಲಿ ನಾವೂ ಸೇರಿದವರು.

ಪೀಠದಲ್ಲಿ ಎಳೆಯ ಕೂಸಿನ ಮುಖವು ಗಾಡಿಯ ಹಿಂಭಾಗಕ್ಕೆ ತಿರುಗಿರಬೇಕು. ಇದನ್ನು ಕೇಳಿ ನಮ್ಮ ಅಜ್ಜಿಯು “ದಾರಿಗೆ ಬೆನ್ನು ಮಾಡಿ ಕೂರಿಸುವುದೆ?” ಎಂದು ಆಶ್ಚರ್ಯಪಟ್ಟರು. ಹುಟ್ಟಿದ ಕೂಸಿನ ತಲೆಯು ಅದರ ಉದ್ದದಲ್ಲಿ ಹೆಚ್ಚುಕಡಮೆ ನಾಲ್ಕನೆಯ ಒಂದು ಪಾಲು. ಅಷ್ಟು ದೊಡ್ಡ ತಲೆಯನ್ನು ಹೊತ್ತ ಕತ್ತಿನ ಎಲುಬುಗಳು ಇನ್ನೂ ಪೂರ್ಣವಾಗಿ ಬಲಿತಿರುವುದಿಲ್ಲ. ಮುಂದಕ್ಕೆ ಮುಖಮಾಡಿದ್ದರೆ, ಮೈಯನ್ನು ಪಟ್ಟಿ ತಡೆದರೂ ತಲೆಯು ಮುಂದಕ್ಕೆ ಎಸೆಯಲ್ಪಟ್ಟು ಕತ್ತು ಜಗ್ಗುತ್ತದೆ. ಹಿಂದಕ್ಕೆ ಮುಖಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಪೀಠವೇ ಒಟ್ಟಿಗೆ ಆನಿಸಿಕೊಳ್ಳುತ್ತದೆ. ಈ ಉಪಾಯವನ್ನು ಹೊಳೆಯಿಸಿದವರು ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ವಿದ್ವಾಂಸರು. ಅಮೆರಿಕದ ಜೆಮಿನಿ ಗಗನಯಾತ್ರಿಗಳು ವೇಗದ ಒತ್ತಡವನ್ನು ಬೆನ್ನಿನ ಮೇಲೆ ತಾಳುತ್ತಿದ್ದ ರೀತಿಯಿಂದ ಸೂಚನೆ ಪಡೆದು, 1964ರ ಸುಮಾರಿಗೆ ಅವರು ಇಂತಹ ಪೀಠವನ್ನು ರೂಪಿಸಿದರು. ವಿಶ್ವಸಂಸ್ಥೆಯ 129ನೆಯ ನಿಯಮದ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಹೀಗೆ ಕೂರಿಸಬೇಕು. ಸ್ವೀಡನ್ನಿನವರು ನಾಲ್ಕು ವರ್ಷದವರೆಗೂ ಇದನ್ನೇ ಮುಂದುವರಿಸುವುದುಂಟು.

ಕೊಳ್ಳುವಾಗ ವಯಸ್ಸನ್ನಲ್ಲ, ಮಗುವಿನ ಎತ್ತರ ತೂಕಗಳನ್ನು ಹೇಳಿ ಕೇಳತಕ್ಕದ್ದು. ಪೀಠದ ಮೇಲೆ ಯಾವ ನಿಯಮದಂತೆ ಪರೀಕ್ಷೆಯಾಯಿತೆಂಬುದನ್ನು ತಿಳಿಸುವ ಚೀಟಿ ಅಂಟಿಸಿರಬೇಕು. ಚೀಟಿಯಿಲ್ಲದ ಅಗ್ಗದ ದಿಂಬುಪೀಠಗಳನ್ನು ನಾವು ಮುಟ್ಟಲೂ ಹೇಳುವುದಿಲ್ಲ. ಎರಡನೆಯ ಕೈಯ ಪೀಠವೂ ಬೇಡ. ಒಮ್ಮೆ ಅಪಘಾತದಲ್ಲಿ ಸಿಕ್ಕಿದ ಪೀಠವು ಹೊರಗೆ ನೆಟ್ಟಗೆ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು. ಹಣ ಕೊಡುವ ಮೊದಲು ಪೀಠವನ್ನು ನಿಮ್ಮ ಗಾಡಿಯಲ್ಲಿಟ್ಟು ಕಟ್ಟಿ ನೋಡಿರಿ. ಅನೇಕ ಗಾಡಿಗಳ ಹಿಂದಿನ ಆಸನದ ಸಂದಿನಲ್ಲಿ ಐಸೋಫಿಕ್ಸ್ ಎಂಬ ಕಬ್ಬಿಣದ ಕಂಬಿಗಳಿರುತ್ತವೆ. ಅವಿದ್ದರೆ ಪೀಠವು ಟಕ್ಕೆಂದು ಕೂರುತ್ತದೆ, ತಪ್ಪಾಗಿ ಕಟ್ಟುವ ಸಂಭವ ಕಡಮೆ. ಬೆಲ್ಟಿನಿಂದ ಕಟ್ಟುವುದಾದರೂ ಚಿಂತೆಯಿಲ್ಲ. ಪಟ್ಟಿ ಹಾಯುವ ಕಡೆ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಸ್ಥಾನವು ಹಿಂದಿನ ಆಸನವೇ. ಮುಂದುಗಡೆ ಏರ್‌ಬ್ಯಾಗ್ ಇರುವ ಕಡೆ ಹಿಂಮುಖದ ಪೀಠವನ್ನು ಎಂದಿಗೂ ಇಡಕೂಡದು. ಆ ಚೀಲವು ಸಿಡಿದು ಉಬ್ಬಿದರೆ ಪೀಠವನ್ನೇ ಹೊಡೆದು ಮಗುವಿನ ಪ್ರಾಣಕ್ಕೆ ಬರುತ್ತದೆ.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ನಡೆಯುವ ತಪ್ಪು ಪಟ್ಟಿಯದು. ಮಗುವಿಗೆ ನೋವಾದೀತೆಂದು ಅದನ್ನು ಸಡಿಲವಾಗಿ ಬಿಡುತ್ತಾರೆ. ಭುಜದ ಮೇಲಿನ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿದರೆ ಮಡಿಕೆ ಸಿಕ್ಕಬಾರದು, ಅಷ್ಟು ಬಿಗಿಯಿರಲಿ. ದಪ್ಪ ಉಣ್ಣೆಯ ಕುಲಾವಿ, ಸ್ವೆಟರುಗಳ ಮೇಲೆ ಕಟ್ಟಿದ ಪಟ್ಟಿಯು ಬಿಗಿಯಾಗಿ ತೋರಿದರೂ ಪೆಟ್ಟು ಬಿದ್ದಾಗ ಉಣ್ಣೆ ಅದುಮಿ ಸಡಿಲವಾಗುತ್ತದೆ. ಮಡಿಕೇರಿಯ ಚಳಿಯಾದರೂ ತೆಳು ಬಟ್ಟೆಯಲ್ಲಿ ಕಟ್ಟಿ, ಮೇಲೆ ದುಪ್ಪಟಿ ಹೊದಿಸುವುದೇ ಸರಿ.

ಸುಖದ ಮಾತಿಗೆ ಬಂದರೆ, ಮೆತ್ತನೆಯ ಹಾಸಿಗಿಂತ ಒರಗು ಮುಖ್ಯ. ಪೀಠವು ತೀರ ನೆಟ್ಟಗಿದ್ದರೆ ಎಳೆಗೂಸಿನ ತಲೆಯು ಎದೆಯ ಮೇಲೆ ಜೋತು ಉಸಿರಿಗೆ ತಡೆಯಾಗುತ್ತದೆ. ದೂರದ ದಾರಿಯಲ್ಲಿ ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ ಮಗುವನ್ನು ಎತ್ತಿಕೊಳ್ಳಬೇಕು. ಊರು ಮುಟ್ಟಿದ ಮೇಲೆ ಪೀಠದಲ್ಲಿಯೇ ಮಲಗಲು ಬಿಡಬಾರದು. ಹಾಸು ಬಿಚ್ಚಿ ಒಗೆಯುವಂತಿದ್ದರೆ ತಾಯಿಗೆ ಬಹಳ ಅನುಕೂಲ. ನಮ್ಮ ಬೇಸಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಯೊಳಗಿನ ಕೊಂಡಿಯು ಮಗುವಿನ ಚರ್ಮವನ್ನು ಸುಡಬಲ್ಲುದು. ಪೀಠದ ಮೇಲೆ ಬಿಳಿಯ ಪಂಚೆಯೊಂದನ್ನು ಹೊದಿಸಿಟ್ಟು, ಕೂರಿಸುವ ಮೊದಲು ಮುಟ್ಟಿ ನೋಡಬೇಕು.

ದೊಡ್ಡ ಮಕ್ಕಳಿಗೆ ಎತ್ತರಿಸುವ ಪೀಠ ಸಾಕು. ಬೆಲ್ಟು ಕತ್ತಿಗೆ ತಾಗದೆ ಭುಜದ ಮೇಲೂ, ಹೊಟ್ಟೆಯ ಮೇಲೇರದೆ ತೊಡೆಯ ಮೂಲದಲ್ಲಿಯೂ ಕೂರುವವರೆಗೆ ಅದು ಬೇಕು.

ಹೊಸ ಪೀಠದಲ್ಲಿ ಮಗು ಅಳುತ್ತದೆ, ನಿಜ. ನಮ್ಮ ಕೂಸೂ ಮೊದಲು ಗಾಂಧೀಬಜಾರಿನವರೆಗೆ ಹೋಗಿ ಬರುವಷ್ಟರಲ್ಲಿ ಬೀದಿಯವರು ತಿರುಗಿ ನೋಡುವಂತೆ ಅತ್ತಿತು. “ಎತ್ತಿಕೊಳ್ಳಲೇ?” ಎಂದು ಅಜ್ಜಿಯು ಎರಡು ಬಾರಿ ಕೇಳಿದರು. ಬಳಿಕ ನಾವು ಪೀಠವನ್ನು ನಡುಮನೆಯಲ್ಲಿ ನಾಲ್ಕು ದಿನ ಇಟ್ಟು ಮಗುವನ್ನು ಆಗಾಗ ಅದರಲ್ಲಿ ಸ್ವಲ್ಪ ಹೊತ್ತು ಕೂರಿಸಿ ಆಡಿಸಿದೆವು. ಮುಂದಿನ ಬಾರಿ ಹಾಸನಕ್ಕೆ ಹೋದಾಗ ಅಜ್ಜಿಯು ಪೀಠದ ಪಕ್ಕದಲ್ಲಿ ತಾವೂ ಬೆಲ್ಟು ಕಟ್ಟಿಕೊಂಡು ಕುಳಿತು, ಮಗುವಿನ ಬೆರಳನ್ನು ಹಿಡಿದುಕೊಂಡಿದ್ದರು. ಅದು ನೆಲಮಂಗಲ ಬರುವ ಮೊದಲೇ ನಿದ್ರೆಹೋಯಿತು.