ಶಾಲೆಯ ಹೊಸ್ತಿಲಲ್ಲಿ ಅಳುವ ಕೂಸು

ಶಾಲೆಯ ಬಾಗಿಲಲ್ಲಿ ತಾಯಿಯ ಸೆರಗನ್ನು ಬಿಡದೆ ಅಳುವ ಮಗುವನ್ನು ಕಾಣದ ಊರಿಲ್ಲ. ತಾಯಿಯನ್ನು ಅಗಲುವ ಈ ಅಂಜಿಕೆಯು ಎಂಟೊಂಬತ್ತು ತಿಂಗಳ ಪ್ರಾಯದಲ್ಲಿ ತಲೆದೋರಿ, ಸಾಮಾನ್ಯವಾಗಿ ಮೂರು ವರ್ಷ ತುಂಬುವ ಹೊತ್ತಿಗೆ ತಗ್ಗುವುದು. ವಿಶೇಷ ಅಗತ್ಯವುಳ್ಳ ಮಕ್ಕಳಲ್ಲಾದರೋ ಅದು ಹೆಚ್ಚು ಕಾಲ ಉಳಿಯುವುದುಂಟು. ಕಾರಣವು ಗೂಢವಾದುದಲ್ಲ. ‘ಮಧ್ಯಾಹ್ನ ಬರುತ್ತೇನೆ’ ಎಂಬ ಮಾತು ಕಿವಿ ಕೇಳದ ಕೂಸಿಗೆ ಮುಟ್ಟದು. ಕಣ್ಣು ಕಾಣದ ಕೂಸಿಗೆ ತಾಯಿಯ ದನಿ ನಿಂತೊಡನೆ ತಾಯಿಯೇ ಇಲ್ಲವಾದಂತೆ. ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವಿಗೆ ಮಧ್ಯಾಹ್ನವೆಂದರೆ ಎಷ್ಟು ದೂರವೆಂಬುದು ತಿಳಿಯದು. ಆಟಿಸಂ ಉಳ್ಳ ಮಗುವಿಗೆ ದಿನಚರಿಯ ಅಲ್ಪ ವ್ಯತ್ಯಾಸವೂ ದುಸ್ಸಹವಾಗಬಹುದು.

ಹೀಗಿರಲು, ನಾಲ್ಕು ದಿನ ಅತ್ತಿತೆಂದು ‘ಇದು ಶಾಲೆಗೆ ತಕ್ಕುದಲ್ಲ’ ಎಂದು ಮಗುವನ್ನು ಹಿಂದಕ್ಕೆ ಕಳುಹಿಸುವುದು ನ್ಯಾಯವೆ? ಅಳುವು ಅಯೋಗ್ಯತೆಯ ಲಕ್ಷಣವಲ್ಲ. ತನ್ನವರನ್ನು ಗುರುತಿಸಿ ಅವರಿಗಾಗಿ ಹಂಬಲಿಸುವುದು ಮನಸ್ಸು ಬೆಳೆಯುತ್ತಿರುವುದರ ಕುರುಹಾಗಿದೆ.

ಪರಿಹಾರಕ್ಕೆ ಹಣ ಬೇಡ, ತಾಳ್ಮೆ ಬೇಕು. ಮೊದಮೊದಲು ತಾಯಿಯು ಒಳಗೇ ಕುಳಿತಿರಲಿ; ಬಳಿಕ ಹತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ ಎಂದು ಅಗಲಿಕೆಯನ್ನು ಕ್ರಮವಾಗಿ ಬೆಳೆಸಲಿ. ಮಗುವಿನ ಕಣ್ಣು ತಪ್ಪಿಸಿ ಓಡಿಹೋಗುವುದು ಮಾತ್ರ ಸರ್ವಥಾ ಸಲ್ಲದು; ಅದರಿಂದ ನಂಬಿಕೆಯೇ ಮುರಿಯುವುದು. ಬೀಳ್ಕೊಡುಗೆಯು ಚಿಕ್ಕದಾಗಿ, ದಿನವೂ ಒಂದೇ ಬಗೆಯಾಗಿರಲಿ. ಪಾಠ, ಊಟ, ಆಟ, ಕೊನೆಗೆ ತಾಯಿ ಎಂದು ಸಾಲಾಗಿ ಚಿತ್ರಗಳನ್ನು ತೋರಿಸಿದರೆ, ಮಾತು ತಿಳಿಯದ ಮಗುವಿಗೂ ಅವಳು ಬರುವಳೆಂಬುದು ತಿಳಿದೀತು. ಕಣ್ಣು ಕಾಣದ ಮಗುವಿಗೆ ತಾಯಿಯ ಸೀರೆಯ ತುಂಡೊಂದು ಆಸರೆಯಾದೀತು. ಎದುರುಗೊಳ್ಳುವವರು ದಿನವೂ ಒಬ್ಬರೇ ಆಗಿರುವುದು ಮೇಲು.

ಕೂಲಿಯ ತಾಯಿಯು ವಾರಗಟ್ಟಲೆ ಶಾಲೆಯಲ್ಲಿ ಕುಳಿತರೆ ಒಲೆ ಉರಿಯುವುದೆಂತು? ಅಂಥ ಕಡೆ ಅಜ್ಜಿಯೋ ಅಕ್ಕನೋ ಬಂದು ಕೂಡಲು ಅನುಮತಿಯಿರಬೇಕು.

1975ರ ಗಾಂಧೀ ಜಯಂತಿಯಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅಂಗನವಾಡಿಯನ್ನು ಹಳ್ಳಿಹಳ್ಳಿಗೂ ಒಯ್ದಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು, ಅದು ಗೊತ್ತುಪಡಿಸಿದ ಪ್ರಮಾಣದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಅಂಗನವಾಡಿಗಳಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳುವ ಕ್ರಮವನ್ನೂ ಪ್ರಕಟಿಸಿತು. ಕಾಗದದ ಮೇಲೆ ಬಾಗಿಲು ತೆರೆದಿದೆ. ಆದರೆ ದಾಖಲೆಯ ಪುಸ್ತಕದಲ್ಲಿ ಹೆಸರಿದ್ದು, ಮಗುವು ಮನೆಯಲ್ಲಿಯೇ ಉಳಿದರೆ ಆ ಹಕ್ಕಿನಿಂದ ಪ್ರಯೋಜನವೇನು?

ಆದುದರಿಂದ ತಪಾಸಣೆಗೆ ಹೋಗುವ ಅಧಿಕಾರಿಗಳು ಹಾಜರಿಯ ಎಣಿಕೆಯೊಡನೆ, ಅತ್ತು ಹಿಂತಿರುಗಿದ ಮಕ್ಕಳೆಷ್ಟು, ಅವರನ್ನು ಮರಳಿ ಕರೆತರಲು ನಡೆದ ಯತ್ನವೇನು ಎಂಬುದನ್ನೂ ವಿಚಾರಿಸತಕ್ಕದ್ದು. ದುರ್ಬಲವಾದ ಕೂಸಿಗಾಗಿ ಒಂದು ತಿಂಗಳು ಕಾಯಲಾರದ ಶಾಲೆಯು ರಾಷ್ಟ್ರದ ಶಾಲೆಯೆನಿಸಲಾರದು.