ಹಿತ್ತಿಲ ಗಲ್ಲಿ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬೆಂಗಳೂರಿನಲ್ಲಿ ನೆಲಸಿ, ಮನೆ ಕಟ್ಟಿಸುವ ಆಲೋಚನೆಯಲ್ಲಿರುವರೆಂದು ಅವರ ಕಾಗದಗಳಿಂದ ತಿಳಿದು ಸಂತೋಷಪಡುತ್ತೇವೆ. ನಿವೇಶನವನ್ನು ನೋಡಹೋದವರು ಮುಂದಣ ರಸ್ತೆಯ ಅಗಲವನ್ನು ತಪ್ಪದೆ ವಿಚಾರಿಸುತ್ತಾರೆ. ಬಚ್ಚಲ ನೀರು ಎಲ್ಲಿಗೆ ಹೋಗುವುದೆಂದು ವಿಚಾರಿಸುವವರು ವಿರಳ. ಆದಕಾರಣ ಈ ಸಂಚಿಕೆಯಲ್ಲಿ ಮನೆಯ ಹಿಂಭಾಗವನ್ನು ಕುರಿತು ಬರೆಯಲು ಮನಸ್ಸು ಮಾಡಿದೆವು.

1898ನೆಯ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಸಾವಿರಾರು ಜನರನ್ನು ಕೊಂಡೊಯ್ದಿತು. ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಗೋಡೆಗೆ ಗೋಡೆ ತಗಲಿ ಮನೆಗಳಿದ್ದವು. ಧಾನ್ಯದ ಮೂಟೆಗಳೂ ಸಂಸಾರಗಳೂ ಒಂದೇ ಸೂರಿನಡಿ ಇದ್ದವು. ಇಲಿಗಳಿಗೆ ಇನ್ನೇನು ಬೇಕು? ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ತರುವುದೆಂದು ಸಿಮೋಂ ಎಂಬ ಫ್ರೆಂಚ್ ವೈದ್ಯರು ಅದೇ ವರ್ಷ ಹೇಳಿದರೂ ಪಂಡಿತರು ಬೇಗನೆ ಒಪ್ಪಲಿಲ್ಲ. ಇಲಿ ಸತ್ತೊಡನೆ ಚಿಗಟವು ಬೇರೆ ರಕ್ತವನ್ನರಸುತ್ತದೆ. ಇಲಿ ಬಿದ್ದ ಮನೆಯನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ನಮ್ಮ ಹಿರಿಯರು, ಕಾರಣವನ್ನರಿಯದಿದ್ದರೂ, ಸರಿಯಾದುದನ್ನೇ ಮಾಡಿದರು.

ಈ ಭಯದಿಂದಲೇ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಬೇಗನೆ ತುಂಬಿದವು. ನೇರವಾದ ಅಗಲ ರಸ್ತೆಗಳು, ಮನೆಯ ಸುತ್ತ ಬಯಲು, ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಒಂದು ಕಿರಿದಾದ ದಾರಿ. ಇದಕ್ಕೆ ಕನ್ಸರ್ವೆನ್ಸಿ ಗಲ್ಲಿಯೆಂದು ಹೆಸರು. ಒಳಚರಂಡಿಯಿಲ್ಲದ ಆ ಕಾಲದಲ್ಲಿ ಕಕ್ಕಸಿನ ಮಲವನ್ನು ಪ್ರತಿದಿನ ಈ ದಾರಿಯಿಂದಲೇ ಒಯ್ಯುತ್ತಿದ್ದರು.

ಒಮ್ಮೆ ಒಂಬತ್ತನೆಯ ತರಗತಿಯ ಬಾಲಿಕೆಯರನ್ನು ಇಂತಹ ಒಂದು ಗಲ್ಲಿಗೆ ಕರೆದುಕೊಂಡು ಹೋಗಿ ನಗರರಚನೆಯ ಪಾಠವನ್ನು ಹೇಳುತ್ತಿದ್ದೆವು. ಗಾಳಿ, ಬೆಳಕು, ಆರೋಗ್ಯವೆಂದು ಬಹಳವಾಗಿ ಹೊಗಳಿದೆವು. ಒಬ್ಬ ಹುಡುಗಿಯು, “ಟೀಚರ್, ಒಯ್ಯುವವರ ಮನೆ ಈ ನಕ್ಷೆಯಲ್ಲಿ ಎಲ್ಲಿತ್ತು?” ಎಂದು ಕೇಳಿದಳು. ಟ್ರೈನಿಂಗ್ ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ಆ ಬಡಾವಣೆಗಳಲ್ಲಿ ನಿವೇಶನಗಳನ್ನು ಜಾತಿಜಾತಿಗೆ ವಿಂಗಡಿಸಿ ಹಂಚಿದ್ದರೆಂಬುದನ್ನು ನಾವು ಬಲ್ಲೆವು; ಅದನ್ನು ಮಾತ್ರ ಪಾಠದಲ್ಲಿ ಹೇಳದೆ ಬಿಟ್ಟಿದ್ದೆವು. ಮನೆಯವರ ಕಣ್ಣಿಗೆ ಬೀಳದಂತೆ ಬಂದು ಹೋಗಬೇಕಾದವರಿಗೆ ನಕ್ಷೆಯು ದಾರಿಯೊಂದನ್ನು ಕೊಟ್ಟಿತ್ತು, ನಿವೇಶನವನ್ನು ಕೊಟ್ಟಿರಲಿಲ್ಲ. ಆ ದಿನ ಆಕೆಗೆ ಹಾಗೆಯೇ ಹೇಳಿದೆವು.

ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದ ಆದಿಯಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಪಾರ್ಲಿಮೆಂಟು 1993ರಲ್ಲಿಯೂ 2013ರಲ್ಲಿಯೂ ಇದಕ್ಕಾಗಿ ಶಾಸನಗಳನ್ನು ಮಾಡಿತು. ಆದರೂ ಮ್ಯಾನ್‌ಹೋಲಿಗೆ ಇಳಿದು ವಿಷವಾಯುವಿನಿಂದ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಬೆಂಗಳೂರು ಎತ್ತರದ ದಿಣ್ಣೆಯ ಮೇಲಿನ ಊರು. ಕುಡಿಯುವ ನೀರನ್ನು ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯಿಂದ ಮೇಲಕ್ಕೆತ್ತಿ ತರುತ್ತಾರೆ. ಬಳಸಿದ ನೀರು ತಾನಾಗಿಯೇ ಇಳಿದು ವೃಷಭಾವತಿಯ ಕಣಿವೆಗೋ ಬೆಳ್ಳಂದೂರಿನ ಕಡೆಗೋ ಹೋಗುತ್ತದೆ. ಕೊಳವೆ ಸಾಲದಿದ್ದಲ್ಲಿ, ಶುದ್ಧಿಮಾಡುವ ಸ್ಥಾವರ ಸಾಲದಿದ್ದಲ್ಲಿ, ಕೆಳಗಿನ ಕೆರೆಯೇ ಚರಂಡಿಯಾಗುವುದು. ಬೆಳ್ಳಂದೂರು ಕೆರೆಯು 2015ರಲ್ಲಿಯೂ 2017ರಲ್ಲಿಯೂ ಹೊತ್ತಿ ಉರಿದುದನ್ನು ಪೋಷಕರು ಮರೆತಿರಲಾರರು.

ಆದುದರಿಂದ ನಿವೇಶನಕ್ಕೆ ಮುಂಗಡ ಕೊಡುವ ಮೊದಲು ಒಳಚರಂಡಿಯ ಕೊಳವೆ ಬೀದಿಗೆ ಬಂದಿದೆಯೇ, ಇಲ್ಲವಾದರೆ ಗುಂಡಿಯನ್ನು ಯಾರು, ಯಾವ ಯಂತ್ರದಿಂದ ಖಾಲಿಮಾಡುವರು, ತುಂಬಿದ ಲಾರಿ ಎಲ್ಲಿಗೆ ಹೋಗುವುದು, ಇಷ್ಟನ್ನಾದರೂ ಕೇಳಿರೆಂದು ನಮ್ಮ ಬಿನ್ನಹ. ಮಾರುವವರು ಬೇಸರಪಟ್ಟುಕೊಂಡರೆ ಪಡಲಿ. ನಾವು ನೋಡಿದ ಆ ಗಲ್ಲಿಗೆ ಈಗ ಯಾರೋ ಕಬ್ಬಿಣದ ಬಾಗಿಲಿಟ್ಟು ಬೀಗ ಹಾಕಿದ್ದಾರೆ. ಒಳಗೆ ಎರಡು ಸ್ಕೂಟರುಗಳೂ ಒಂದು ತುಳಸಿಯ ಕುಂಡವೂ ಇವೆ.