ಬಿರುಕು ಬಿಟ್ಟ ಮುಂಗಾಜು: ದುರಸ್ತಿಯ ವಿದ್ಯೆ ಮತ್ತು ಸಲಕರಣೆಗಳ ಆಯ್ಕೆ

ಬಳ್ಳಾರಿಯಿಂದ ರೂಪನಗುಡಿ, ಕುರುಗೋಡು, ಸಿರುಗುಪ್ಪಗಳ ಕಡೆಗೆ ಸಾಗುವ ರಸ್ತೆಗಳಲ್ಲಿ ಹತ್ತಿ, ಮೆಣಸಿನಕಾಯಿ, ಭತ್ತ ಹೊತ್ತ ಲಾರಿಗಳು ಕಾಣುವುದು ಸಾಮಾನ್ಯ. ಜಲ್ಲಿ ತುಂಬಿದ ಟಿಪ್ಪರುಗಳೂ ಸಂಡೂರಿನ ಕಬ್ಬಿಣದ ಅದಿರಿನ ಲಾರಿಗಳೂ ಇದೇ ಜಿಲ್ಲೆಯ ಹಾದಿಗಳಲ್ಲಿ ಓಡುತ್ತವೆ. ಅವುಗಳ ಗಾಲಿಯಡಿಯಿಂದ ಸಿಡಿದ ಕಡಲೆಕಾಳಿನಷ್ಟು ಕಲ್ಲು ಹಿಂದೆ ಬರುವ ವಾಹನದ ಮುಂಗಾಜಿಗೆ ಬಡಿದರೆ ಸಾಕು, ಅಲ್ಲೊಂದು ಚುಕ್ಕೆ ಮೂಡುತ್ತದೆ. ಇಂದು ಕಂಡೂ ಕಾಣದಂತಿರುವ ಆ ಚುಕ್ಕೆಯೇ ಕೆಲವು ದಿನಗಳಲ್ಲಿ ಉದ್ದನೆಯ ಬಿರುಕಾಗಿ ಹರಿಯಬಹುದು. ಆಗ ಗಾಜನ್ನೇ ಬದಲಿಸಬೇಕು. ಬಾಡಿಗೆ ವಾಹನವನ್ನೇ ನಂಬಿದ ಮನೆಗೆ ಇದು ಭಾರವಾದ ಖರ್ಚು.

ಸಕಾಲದ ದುರಸ್ತಿಯಿಂದ ಈ ಖರ್ಚನ್ನು ತಪ್ಪಿಸಬಹುದು. ಇದೇ ವಿದ್ಯೆಯು ನಮ್ಮ ಹಳ್ಳಿಗಳ ತರುಣರಿಗೆ ಅಲ್ಪ ಬಂಡವಾಳದ ಉದ್ಯೋಗವೂ ಆಗಬಲ್ಲದು. ಆದರೆ ಇದು ಪ್ರಾಣಕ್ಕೆ ಸಂಬಂಧಿಸಿದ ಕೆಲಸ. ಯಾವ ಗಾಜನ್ನು ಸರಿಪಡಿಸಬಾರದು ಎಂಬ ವಿವೇಕವೇ ಇಲ್ಲಿ ಮೊದಲ ಪಾಠ.

ಮುಂಗಾಜಿನ ರಚನೆ

ಮುಂಗಾಜು ಒಂದೇ ಹಾಳೆಯಲ್ಲ. ಎರಡು ತೆಳುವಾದ ಗಾಜುಗಳ ನಡುವೆ ಪಾರದರ್ಶಕವಾದ ಪ್ಲಾಸ್ಟಿಕ್ ಪದರವೊಂದನ್ನು ಬೆಸೆದಿರುತ್ತಾರೆ. ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬವರು 1909ರಲ್ಲಿ ಇಂತಹ ಗಾಜಿಗೆ ಪೇಟೆಂಟ್ ಪಡೆದರು. ಏಟು ಬಿದ್ದಾಗ ಚೂರುಗಳು ಮೈಮೇಲೆ ಸಿಡಿಯದೆ ನಡುವಿನ ಪದರಕ್ಕೆ ಅಂಟಿಕೊಳ್ಳುವುದೇ ಇದರ ಗುಣ. ನಮ್ಮ ದೇಶದಲ್ಲಿಯೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂಭಾಗಕ್ಕೆ ಇಂತಹ ಪದರಗಾಜನ್ನೇ ವಿಧಿಸಿವೆ. ಪಕ್ಕದ ಕಿಟಕಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಯಿಸಿ ಹದಗೊಳಿಸಿದ ಗಾಜು. ಅದು ಒಡೆದರೆ ಕಾಳುಕಾಳಾಗಿ ಉದುರುವುದರಿಂದ ಅದಕ್ಕೆ ದುರಸ್ತಿಯೆಂಬುದಿಲ್ಲ.

ಕಲ್ಲಿನ ಏಟಿನಿಂದ ಹೊರಪದರದಲ್ಲಿ ಸಂದು ಉಂಟಾಗಿ ಅದರೊಳಗೆ ಗಾಳಿ ಸೇರುತ್ತದೆ. ಆ ಗಾಳಿಯನ್ನು ಹೊರತೆಗೆದು ರೆಸಿನ್ ಎಂಬ ದ್ರವವನ್ನು ತುಂಬಿ ಗಟ್ಟಿಗೊಳಿಸುವುದೇ ದುರಸ್ತಿ. ರೆಸಿನ್ ಬೆಳಕನ್ನು ಬಾಗಿಸುವ ಪ್ರಮಾಣ ಗಾಜಿನದಕ್ಕೆ ಸಮೀಪವಾದುದರಿಂದ ಬಿರುಕು ಬಹುಮಟ್ಟಿಗೆ ಮರೆಯಾಗುತ್ತದೆ. ಆದರೂ ಸಣ್ಣ ಗುರುತೊಂದು ಉಳಿಯುವುದುಂಟು. ಗಾಜು ಮೊದಲಿನಂತೆಯೇ ಆಗುತ್ತದೆಂದು ಗಿರಾಕಿಗೆ ಮಾತು ಕೊಡಬಾರದು.

ಯಾವುದು ಯೋಗ್ಯ, ಯಾವುದು ಅಯೋಗ್ಯ

ಸುಮಾರು 25 ಮಿಲಿಮೀಟರ್ ಒಳಗಿನ ದುಂಡು ಗುಳಿ, ನಕ್ಷತ್ರದಂತೆ ಕವಲೊಡೆದ ಗುರುತು, ಗಿಡ್ಡನೆಯ ಬಿರುಕು ಇವು ದುರಸ್ತಿಗೆ ಯೋಗ್ಯ. ಒಳಗಿನ ಗಾಜೂ ಸೀಳಿದ್ದರೆ, ನಡುವಿನ ಪದರ ಹರಿದಿದ್ದರೆ, ಬಿರುಕು ಗಾಜಿನ ಅಂಚಿಗೆ ಮುಟ್ಟಿದ್ದರೆ, ಹಳೆಯದಾಗಿ ಧೂಳು ತುಂಬಿದ್ದರೆ ಬದಲಿಸುವುದೇ ಲೇಸು. ಚಾಲಕನ ಕಣ್ಣಿನ ನೇರಕ್ಕೆ ಬರುವ ಭಾಗದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬ್ರಿಟನ್ನಿನ ವಾಹನ ತಪಾಸಣೆಯಲ್ಲಿ ಚಾಲಕನ ಎದುರಿನ 290 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ 10 ಮಿಲಿಮೀಟರಿಗಿಂತ ದೊಡ್ಡ ಹಾನಿಯನ್ನು ಒಪ್ಪುವುದಿಲ್ಲ. ರಾತ್ರಿ ಎದುರು ವಾಹನದ ದೀಪ ಬಿದ್ದಾಗ ಅಲ್ಲಿ ಉಳಿದ ಸಣ್ಣ ಕಲೆಯೂ ಕಣ್ಣು ಕುಕ್ಕುತ್ತದೆ. ಹೊಸ ಕಾರುಗಳಲ್ಲಿ ಮುಂಗಾಜಿನ ಹಿಂದೆ ಕ್ಯಾಮೆರಾ ಇದ್ದರೆ ಅದರ ಎದುರಿನ ಭಾಗವನ್ನೂ ಮುಟ್ಟಬಾರದು.

ಕೆಲಸದ ಕ್ರಮ

ಮೊದಲು ಗುಳಿಯಲ್ಲಿರುವ ಸಡಿಲ ಪುಡಿಯನ್ನು ಮೊನಚಾದ ಸೂಜಿಯಿಂದ ನಯವಾಗಿ ತೆಗೆಯಬೇಕು. ಸಂದಿನಲ್ಲಿ ತೇವವಿದ್ದರೆ ಅದು ಸಂಪೂರ್ಣ ಆರಬೇಕು. ಬಳಿಕ ಗಾಜಿಗೆ ಹಿಡಿದುಕೊಳ್ಳುವ ರಬ್ಬರ್ ಬಟ್ಟಲುಗಳುಳ್ಳ ಚೌಕಟ್ಟನ್ನು ಕೂರಿಸಿ, ಇಂಜೆಕ್ಟರಿನ ಬಾಯಿಯನ್ನು ಗುಳಿಯ ಮೇಲೆ ಸರಿಯಾಗಿ ನಿಲ್ಲಿಸಬೇಕು. ಕೆಲವು ಹನಿ ರೆಸಿನ್ ಹಾಕಿ ಒಮ್ಮೆ ಗಾಳಿಯನ್ನು ಎಳೆಯುವುದು, ಒಮ್ಮೆ ಒತ್ತಡ ಕೊಡುವುದು, ಹೀಗೆ ಕಪ್ಪು ನೆರಳು ಮಾಯವಾಗುವ ತನಕ ತಾಳ್ಮೆಯಿಂದ ಪುನರಾವರ್ತಿಸಬೇಕು. ಅವಸರದಲ್ಲಿ ಹೆಚ್ಚು ಒತ್ತಿದರೆ ಬಿರುಕು ಮುಂದೆ ಹರಿಯುತ್ತದೆ. ಕೊನೆಗೆ ಗುಳಿಯ ಬಾಯಿಗೆ ದಪ್ಪ ರೆಸಿನ್ ಹಾಕಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅತಿನೇರಳೆ ಕಿರಣದ ದೀಪದಿಂದ ಗಟ್ಟಿಗೊಳಿಸಿ, ಬ್ಲೇಡಿನಿಂದ ಸಮಮಾಡಿ ಹೊಳಪು ಕೊಡಬೇಕು.

ನಮ್ಮ ಸೀಮೆಯ ಬಿಸಿಲನ್ನು ಇಲ್ಲಿ ಮರೆಯುವಂತಿಲ್ಲ. ಸೂರ್ಯನ ಕಿರಣಗಳಲ್ಲಿಯೂ ಅತಿನೇರಳೆ ಅಂಶ ಇರುವುದರಿಂದ ಬಯಲಿನಲ್ಲಿ ಕೆಲಸ ಮಾಡಿದರೆ ರೆಸಿನ್ ಸಂದಿನ ತುದಿ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ಕಾದ ಗಾಜಿನಲ್ಲಿ ಬಿರುಕು ಹಿಗ್ಗುವ ಭಯವೂ ಉಂಟು. ಆದುದರಿಂದ ಬೇಸಿಗೆಯಲ್ಲಿ ಬೆಳಗಿನ ಹೊತ್ತು, ನೆರಳಿನಲ್ಲಿ, ಗಾಜು ತಾನಾಗಿ ತಣಿದ ನಂತರವೇ ಆರಂಭಿಸುವುದು ಕ್ಷೇಮ.

ಸಲಕರಣೆಗಳ ಆಯ್ಕೆ

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜಿನ ಪೊಟ್ಟಣಗಳು ಅಗ್ಗಕ್ಕೆ ದೊರೆಯುತ್ತವೆ. ಸ್ವಂತ ವಾಹನದ ಸಣ್ಣ ಗುಳಿಗೆ ಅವು ಸಾಕಾಗಬಹುದು. ಉದ್ಯೋಗವಾಗಿ ಕೈಗೊಳ್ಳುವವರು ಹಿತ್ತಾಳೆ ಅಥವಾ ಸ್ಟೀಲಿನ ಇಂಜೆಕ್ಟರ್, ಬದಲಿಸಬಹುದಾದ ರಬ್ಬರ್ ಸೀಲುಗಳು, ಬಿಗಿಯಾದ ಚೌಕಟ್ಟು ಇವನ್ನು ಆರಿಸಬೇಕು. ರೆಸಿನ್ ಎರಡು ಬಗೆಯದಿರಲಿ: ಸಪುರ ಸಂದಿಗೆ ತೆಳುವಾದದ್ದು, ಗುಳಿಯ ಬಾಯಿಗೆ ದಪ್ಪನೆಯದು. ಕಪ್ಪು ಸೀಸೆಯಲ್ಲಿ, ತಂಪಾದ ಕತ್ತಲೆಯಲ್ಲಿ ಅದನ್ನು ಇಡಬೇಕು. ಅವಧಿ ಮೀರಿದ ರೆಸಿನ್ ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು. ಒಳಗಿನಿಂದ ನೋಡಲು ಕನ್ನಡಿ, ಕೈಗವಸು, ಕಣ್ಣಿಗೆ ರಕ್ಷಣಾ ಕನ್ನಡಕ ಇರಲೇಬೇಕು. ಬಿಡಿಭಾಗಗಳು ಮುಂದೆಯೂ ಸಿಗುತ್ತವೆಯೇ ಎಂದು ವಿಚಾರಿಸಿಯೇ ಹಣ ಕೊಡುವುದು ಜಾಣತನ.

ಕಲಿಯುವ ದಾರಿ

ಗುಜರಿಯಲ್ಲಿ ದೊರೆಯುವ ಹಳೆಯ ಮುಂಗಾಜುಗಳೇ ಉತ್ತಮ ಪಾಠಶಾಲೆ. ಅವುಗಳ ಮೇಲೆ ಮೊನೆಯುಳಿಯಿಂದ ಮೆಲ್ಲಗೆ ತಟ್ಟಿ ಗುಳಿಗಳನ್ನು ಮಾಡಿ, ಕೈ ಕುದುರುವ ತನಕ ತುಂಬಿ ನೋಡಬೇಕು. ಅನುಭವಿಗಳ ಗ್ಯಾರೇಜಿನಲ್ಲಿ ಕೆಲವು ತಿಂಗಳು ಜೊತೆಗಿದ್ದು ಕಲಿತರೆ ಇನ್ನೂ ಒಳ್ಳೆಯದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಇಂದು ಬ್ಯಾಂಕುಗಳು ಜಿಲ್ಲೆಜಿಲ್ಲೆಗಳಲ್ಲಿ ನಡೆಸುತ್ತಿವೆ. ಲೆಕ್ಕಪತ್ರ, ಸಾಲದ ಶಿಸ್ತುಗಳ ತಿಳಿವಳಿಕೆಗೆ ಅವುಗಳನ್ನು ಕೇಳಿ ನೋಡಬಹುದು. 2015ರಲ್ಲಿ ಜಾರಿಗೆ ಬಂದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗಿನ ಸಾಲಕ್ಕೆ ಅವಕಾಶವಿದೆ.

ಮನೆಯವರಿಗೆ ಎರಡು ಮಾತು

ಗಾಜಿಗೆ ಕಲ್ಲು ಬಡಿದೊಡನೆ ಆ ಜಾಗಕ್ಕೆ ಪಾರದರ್ಶಕ ಅಂಟುಪಟ್ಟಿ ಹಚ್ಚಿ ಧೂಳು, ನೀರು ಸೇರದಂತೆ ಕಾಯಿರಿ. ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚಬೇಡಿರಿ. ಏ.ಸಿ. ಗಾಳಿಯನ್ನು ನೇರವಾಗಿ ಗಾಜಿಗೆ ತಿರುಗಿಸಬೇಡಿರಿ. ವಿಮೆಯಿದ್ದರೆ ಕೆಲಸ ಆರಂಭಿಸುವ ಮೊದಲೇ ವಿಮಾ ಕಂಪನಿಯನ್ನು ವಿಚಾರಿಸಿರಿ.

ಕಾಯಕದಲ್ಲಿ ಶುದ್ಧಿ ಇರಬೇಕೆಂಬುದು ನಮ್ಮ ಮನೆಗಳಿಗೆ ಹೊಸ ಮಾತಲ್ಲ. ದುರಸ್ತಿಗೆ ನಿಲ್ಲದ ಗಾಜನ್ನು ಕಂಡಾಗ “ಇದು ನನ್ನಿಂದಾಗದು, ಬದಲಿಸಿರಿ” ಎಂದು ಹೇಳುವ ತರುಣನು ಅಂದಿನ ಕೂಲಿಯನ್ನು ಕಳೆದುಕೊಳ್ಳಬಹುದು. ಆದರೆ ಆ ಗಾಜಿನ ಹಿಂದೆ ಕುಳಿತು ಪಯಣಿಸುವ ಒಂದು ಕುಟುಂಬವನ್ನು ಅವನು ಕಾಪಾಡಿರುತ್ತಾನೆ.